ಹೊಸ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಆ ಪೆಟ್ಟಿಗೆ ತೆರೆಯಿರಿ: ಮೇಯರ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಮೇಯರ್ ಅವರಿಗೆ ಹಾಗೂ ಪಾಲಿಕೆಯ ಎಲ್ಲ ಸದಸ್ಯರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಈ ನಗರದ ಹೈಸ್ಕೂಲೊಂದರಲ್ಲಿ 27 ವರ್ಷ ಪಾಠ ಮಾಡಿ ನಿವೃತ್ತಳಾದವಳು. ನಗರಕ್ಕೆ ಹೊಸದಾಗಿ ಮೂರು ಸೋದರಿ ನಗರಗಳನ್ನು, ಎಂದರೆ ಸ್ನೇಹ ಒಪ್ಪಂದ ಮಾಡಿಕೊಳ್ಳುವ ಬೇರೆ ದೇಶದ ನಗರಗಳನ್ನು, ಗೊತ್ತುಮಾಡುವ ಯೋಜನೆಯ ಕರಡನ್ನು ಕಳೆದ ತಿಂಗಳು ನೀವು ಸಾರ್ವಜನಿಕರ ಮುಂದಿಟ್ಟಿರಿ, ಅಭಿಪ್ರಾಯ ತಿಳಿಸಿ ಎಂದು ಕೇಳಿದಿರಿ. ಅಹವಾಲು ಸಭೆಗೆ ನಾನೂ ಬಂದಿದ್ದೆ. ಮಾತನಾಡಲು ಸಿಕ್ಕಿದ್ದು ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯೋಜನೆ ಬೇಡ ಎನ್ನುವುದಕ್ಕಲ್ಲ. ಅದು ಆಗಬೇಕು, ಚೆನ್ನಾಗಿ ಆಗಬೇಕು ಎಂದು ಹಂಬಲಿಸುವವರಲ್ಲಿ ನಾನೂ ಒಬ್ಬಳು. ಅದಕ್ಕೇ ಈ ಪತ್ರ ಇಷ್ಟು ಉದ್ದವಾಗಿದೆ.

ಮೊದಲು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ನಮ್ಮ ನಗರಕ್ಕೆ ಈಗಾಗಲೇ ಒಂದು ಸೋದರಿ ನಗರವಿದೆ. ಒಪ್ಪಂದಕ್ಕೆ ಸಹಿ ಬಿದ್ದು ಹನ್ನೆರಡು ವರ್ಷವಾಯಿತು. ಕರಡಿನಲ್ಲಿ ಅದರ ಬಗ್ಗೆ ಇರುವುದು ಒಂದೇ ಸಾಲು. ಹಳೆಯ ಒಪ್ಪಂದದಲ್ಲಿ ಏನೇನು ಮಾತು ಕೊಟ್ಟಿದ್ದೆವು ಎಂದು ತಿಳಿದುಕೊಂಡು ಸಭೆಗೆ ಹೋಗೋಣವೆಂದು ಅದರ ನಕಲು ಕೇಳಿ ಅರ್ಜಿ ಹಾಕಿದೆ. ದಾಖಲೆ ಕೊಠಡಿಯ ಗುಮಾಸ್ತರು ಒಳ್ಳೆಯವರು. ಫೈಲು ಹುಡುಕುತ್ತಾ ಅವರು ಕೆಳಗಿನ ಕಪಾಟಿನಿಂದ ಒಂದು ರಟ್ಟಿನ ಪೆಟ್ಟಿಗೆಯನ್ನೂ ಎಳೆದು ಮೇಜಿನ ಮೇಲಿಟ್ಟು, "ಇದೂ ಅದೇ ವಿಷಯದ್ದು ಇರಬೇಕು, ನೋಡಿ" ಎಂದರು.

ಪೆಟ್ಟಿಗೆಯಲ್ಲಿ ಮಕ್ಕಳ ಪತ್ರಗಳಿದ್ದವು. 38 ಪತ್ರಗಳು, ಎಲ್ಲವೂ ನನ್ನ ಎಂಟನೇ ತರಗತಿಯ ಮಕ್ಕಳ ಹೆಸರಿಗೆ ಬಂದವು.

ಒಪ್ಪಂದವಾದ ವರ್ಷ ಪಾಲಿಕೆಯೇ ಶಾಲೆಗಳಿಗೆ ಸುತ್ತೋಲೆ ಕಳಿಸಿತ್ತು: ಅಲ್ಲಿನ ಮಕ್ಕಳಿಗೆ ನಿಮ್ಮ ಮಕ್ಕಳಿಂದ ಪತ್ರ ಬರೆಸಿ, ನಾವು ತಲುಪಿಸುತ್ತೇವೆ ಎಂದು. ನನ್ನ ತರಗತಿಯ 41 ಮಕ್ಕಳೂ ಬರೆದರು. ಎರಡು ವಾರ ಅದೇ ಗುಂಗು. ಇಂಗ್ಲಿಷಿನಲ್ಲಿ ಬರೆಯಬೇಕಿತ್ತು, ಅದು ಇವರಿಗೂ ಮನೆಮಾತಲ್ಲ, ಅವರಿಗೂ ಅಲ್ಲ. ಒಬ್ಬ ಹುಡುಗ ಮೂರು ಸಲ ಹರಿದು ನಾಲ್ಕನೆಯ ಸಲ ಅಚ್ಚುಕಟ್ಟಾಗಿ ಬರೆದ. ಪತ್ರಗಳನ್ನು ಕಟ್ಟುಕಟ್ಟಿ ಪಾಲಿಕೆ ಕಚೇರಿಗೆ ನಾನೇ ತಂದುಕೊಟ್ಟೆ. ಆಮೇಲೆ ಪ್ರತಿ ಸೋಮವಾರವೂ "ಉತ್ತರ ಬಂತಾ ಮಿಸ್?" ಎಂಬ ಪ್ರಶ್ನೆ. ಪರೀಕ್ಷೆ ಬಂತು, ಮಕ್ಕಳು ಒಂಬತ್ತಕ್ಕೆ ಹೋದರು, ಪ್ರಶ್ನೆ ನಿಂತಿತು. ಅವರಿಗೆ ನಾನು ಹೇಳಿದ್ದು, "ಅಲ್ಲಿಯವರಿಗೆ ಬಿಡುವಾಗಿಲ್ಲವೇನೋ" ಎಂದು.

ಆದರೆ ಅಲ್ಲಿಯವರು ಬರೆದಿದ್ದರು. ಎರಡೇ ತಿಂಗಳಲ್ಲಿ ಬರೆದಿದ್ದರು. ದೊಡ್ಡ ಲಕೋಟೆಯ ಮೇಲೆ ಪಾಲಿಕೆಯ ಸ್ವೀಕೃತಿ ಮುದ್ರೆ ಇದೆ, ನಮೂದು ಸಂಖ್ಯೆ ಇದೆ, ತಾರೀಖಿದೆ. ಲಕೋಟೆಯನ್ನು ಒಮ್ಮೆ ಒಡೆದು ನೋಡಿ ಮತ್ತೆ ಮಡಚಿಟ್ಟಿದ್ದಾರೆ. ಒಂದು ಪತ್ರದೊಳಗೆ ಒತ್ತಿಟ್ಟ ಎಲೆಯೊಂದಿತ್ತು. ಕೈಗೆತ್ತಿಕೊಂಡರೆ ಪುಡಿಯಾಗುವಷ್ಟು ಒಣಗಿತ್ತು. ಇನ್ನೊಂದರಲ್ಲಿ ಒಬ್ಬ ಹುಡುಗಿ ತನ್ನ ತರಗತಿಯ ಕಿಟಕಿಯಿಂದ ಕಾಣುವ ಬಂದರನ್ನು ಪೆನ್ಸಿಲಿನಲ್ಲಿ ಬಿಡಿಸಿ, ಕೆಳಗೆ ಕೇಳಿದ್ದಳು: ನಿನ್ನ ಕಿಟಕಿಯಿಂದ ಏನು ಕಾಣುತ್ತದೆ?

ಆ ಪ್ರಶ್ನೆ ಯಾರಿಗೆ ಬಂದಿತ್ತೋ ಆ ವಿದ್ಯಾರ್ಥಿನಿಗೆ ಈಗ ಇಪ್ಪತ್ತೈದು ವರ್ಷ.

ಯಾರ ತಪ್ಪು ಇದು ಎಂದು ಕೇಳಿದೆ. ಗುಮಾಸ್ತರು ಹೇಳಿದರು: ಆಗ ಈ ವಿಷಯ ನೋಡಿಕೊಳ್ಳುತ್ತಿದ್ದ ಅಧಿಕಾರಿಗೆ ವರ್ಗವಾಯಿತು, ಆ ಜಾಗಕ್ಕೆ ಬಂದವರಿಗೆ ಈ ಕೆಲಸ ವಹಿಸಲಿಲ್ಲ, ಮುಂದಿನ ವರ್ಷ ಚುನಾವಣೆ ಬಂತು, ಹೊಸ ಮೇಯರ್ ಬಂದರು. ಯಾರ ತಪ್ಪೂ ಅಲ್ಲ ಮೇಡಂ, ಅದು ಯಾರ ಕೆಲಸವೂ ಆಗಿರಲಿಲ್ಲ ಎಂದರು. ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ನನ್ನ ದೂರು ಇರುವುದೂ ಅದೇ. ಸಹಿ ಹಾಕುವುದು ಮೇಯರ್ ಅವರ ಕೆಲಸವಾಗಿತ್ತು, ಫಲಕ ನೆಡುವುದು ಎಂಜಿನಿಯರ್ ವಿಭಾಗದ ಕೆಲಸವಾಗಿತ್ತು, ಫೋಟೊ ತೆಗೆಯುವುದು ಪ್ರಚಾರ ವಿಭಾಗದ ಕೆಲಸವಾಗಿತ್ತು. ಬಂದ ಪತ್ರವನ್ನು ಶಾಲೆಗೆ ತಲುಪಿಸುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ.

ಈಗ ನಿಮ್ಮ ಕರಡಿಗೆ ಬರುತ್ತೇನೆ. ಅದರ 22 ಪುಟಗಳನ್ನೂ ಓದಿದ್ದೇನೆ. ಯಾವ ನಗರಗಳು, ಅವುಗಳ ಜನಸಂಖ್ಯೆ ಎಷ್ಟು, ಯಾವ ಉದ್ಯಮಗಳಿವೆ, ನೇರ ವಿಮಾನ ಇದೆಯೇ, ನಿಯೋಗದಲ್ಲಿ ಎಷ್ಟು ಮಂದಿ, ಸಹಿ ಸಮಾರಂಭ ಎಲ್ಲಿ, ಎಲ್ಲವೂ ಇದೆ. ಸಹಿಯಾದ ಮರುದಿನ ಬೆಳಗ್ಗೆ ಯಾರು ಯಾವ ಕುರ್ಚಿಯಲ್ಲಿ ಕೂತು ಏನು ಮಾಡುತ್ತಾರೆ ಎಂಬುದು ಎಲ್ಲೂ ಇಲ್ಲ. ಹನ್ನೆರಡು ವರ್ಷದ ಹಿಂದೆಯೂ ಇರಲಿಲ್ಲ.

ಸೋದರಿ ನಗರ ಎಂಬ ಕಲ್ಪನೆ ಹುಟ್ಟಿದ್ದು ಹೂಡಿಕೆಯ ಲೆಕ್ಕದಿಂದಲ್ಲ ಎಂಬುದನ್ನು ಸದಸ್ಯರು ದಯವಿಟ್ಟು ಗಮನಿಸಬೇಕು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬು ದಾಳಿಗೆ ಇಂಗ್ಲೆಂಡಿನ ಕೊವೆಂಟ್ರಿ ನಗರ ಸುಟ್ಟುಹೋಯಿತು. ಅದರ ಹಳೆಯ ಕೆಥೆಡ್ರಲ್ ಚರ್ಚಿನ ಹೊರಗೋಡೆಗಳು ಮತ್ತು ಗೋಪುರವಷ್ಟೇ ಉಳಿದವು. ಎರಡು ವರ್ಷದ ನಂತರ, ಜರ್ಮನ್ ಸೇನೆಯ ದಾಳಿಗೆ ಸಿಕ್ಕ ರಷ್ಯಾದ ಸ್ಟಾಲಿನ್‌ಗ್ರಾಡ್ ನಗರದಲ್ಲಿ ಆಗುತ್ತಿರುವುದನ್ನು ಕೇಳಿದ ಕೊವೆಂಟ್ರಿಯ ಹೆಂಗಸರು, 800ಕ್ಕೂ ಹೆಚ್ಚು ಮಂದಿ, ತಲಾ ಆರು ಪೆನ್ಸ್ ಕೊಟ್ಟು ಒಂದು ಮೇಜುಬಟ್ಟೆಯ ಮೇಲೆ ತಮ್ಮ ಹೆಸರುಗಳನ್ನು ಕಸೂತಿ ಹಾಕಿಸಿದರು. ದೊಡ್ಡ ಕನಿಕರಕ್ಕಿಂತ ಚಿಕ್ಕ ಸಹಾಯ ಮೇಲು ಎಂಬರ್ಥದ ಮಾತನ್ನೂ ಅದರಲ್ಲಿ ಹೊಲಿದರು. ಬಟ್ಟೆಯನ್ನೂ ಕೂಡಿದ ಹಣವನ್ನೂ ಆ ನಗರಕ್ಕೆ ಕಳಿಸಿದರು. 1944ರಲ್ಲಿ ಎರಡೂ ನಗರಗಳು ಅಧಿಕೃತವಾಗಿ ಜೊತೆಯಾದವು. ಆ ಬಟ್ಟೆ ವೋಲ್ಗೊಗ್ರಾಡ್ ಎಂದು ಹೆಸರು ಬದಲಾದ ಅದೇ ನಗರದ ಮ್ಯೂಸಿಯಮ್ಮಿನಲ್ಲಿದೆ. ಇಲ್ಲಿ ಹೆಂಗಸರ ಸೂಜಿದಾರ ಮೊದಲು ಬಂತು, ಮೇಯರುಗಳ ಸಹಿ ಆಮೇಲೆ ಬಂತು. ಕೊವೆಂಟ್ರಿ ಅಲ್ಲಿಗೇ ನಿಲ್ಲಲಿಲ್ಲ. ತನ್ನದೇ ದೇಶದ ವಿಮಾನಗಳು ಬಾಂಬು ಹಾಕಿ ಸುಟ್ಟ ಜರ್ಮನಿಯ ಡ್ರೆಸ್ಡೆನ್ ನಗರದ ಜೊತೆಗೂ ಕೈ ಜೋಡಿಸಿತು.

ಯುದ್ಧ ಮುಗಿದು ಎರಡು ವರ್ಷವೂ ಕಳೆದಿರಲಿಲ್ಲ, ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ಮೇಯರ್ ಫೀಬಿ ಕಸ್ಡನ್ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನ ಆರು ಮಕ್ಕಳನ್ನು ತಮ್ಮ ಊರಿನ ಮನೆಗಳಲ್ಲಿ ಇರಲು ಕರೆಸಿಕೊಂಡರು. ಶತ್ರುದೇಶದ ಮಕ್ಕಳು. ಆರೇ ಆರು. ಆ ಎರಡು ಊರುಗಳ ನಂಟು ಅಲ್ಲಿಂದ ಬೆಳೆಯಿತು. ಫ್ರಾನ್ಸ್‌ನ ಮೊಂಬೆಲಿಯಾರ್ ಪಟ್ಟಣದ ಮೇಯರ್ ಲೂಸಿಯಾಂ ತರಾದಾಂ ಬೂಕನ್‌ವಾಲ್ಡ್ ಯಾತನಾ ಶಿಬಿರದಿಂದ ಬದುಕಿ ಬಂದವರು. ಅವರೇ ಮುಂದೆ ನಿಂತು 1950ರಲ್ಲಿ ಜರ್ಮನಿಯ ಲುಡ್ವಿಗ್ಸ್‌ಬುರ್ಗ್ ಜೊತೆ ತಮ್ಮ ಪಟ್ಟಣವನ್ನು ಬೆಸೆದರು. ಫ್ರಾನ್ಸ್ ಮತ್ತು ಜರ್ಮನಿಯ ಸರ್ಕಾರಗಳು ಎಲಿಜೆ ಸ್ನೇಹ ಒಪ್ಪಂದಕ್ಕೆ ಬಂದದ್ದು 1963ರಲ್ಲಿ. ದೇಶಗಳಿಗಿಂತ ಹದಿಮೂರು ವರ್ಷ ಮೊದಲೇ ಎರಡು ಪಟ್ಟಣಗಳು ಆ ಕೆಲಸ ಮಾಡಿದ್ದವು. ಅಮೆರಿಕದ ಸೇಂಟ್ ಪಾಲ್ ನಗರ ನಾಗಾಸಾಕಿಯ ಸೋದರಿಯಾದದ್ದು 1955ರ ಡಿಸೆಂಬರ್ 7ರಂದು, ಅಣುಬಾಂಬು ಬಿದ್ದ ಹತ್ತೇ ವರ್ಷಕ್ಕೆ, ಅದೂ ಜಪಾನ್ ಅಮೆರಿಕದ ಮೇಲೆ ನಡೆಸಿದ ಪರ್ಲ್ ಹಾರ್ಬರ್ ದಾಳಿಯ ವಾರ್ಷಿಕ ದಿನದಂದು. ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಶ್ವೇತಭವನದಲ್ಲಿ ಸಮ್ಮೇಳನ ಕರೆದು, ಜನರೇ ಜನರ ಜೊತೆ ನಂಟು ಬೆಳೆಸಬೇಕೆಂಬ ಚಳವಳಿಗೆ ರೂಪ ಕೊಟ್ಟರು. ಅಮೆರಿಕದ ಸಿಸ್ಟರ್ ಸಿಟಿ ಸಂಘಟನೆ ಬೆಳೆದದ್ದು ಅದರಿಂದಲೇ.

ಇಷ್ಟನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ಅಹವಾಲು ಸಭೆಯಲ್ಲಿ ಒಬ್ಬ ಸದಸ್ಯರು, "ಮಕ್ಕಳ ಪತ್ರ, ನಾಟಕ, ಹಾಡು ಇವೆಲ್ಲ ಇರಲಿ, ಅದು ಅಲಂಕಾರ; ನಮಗೆ ಬೇಕಾದದ್ದು ಬಂಡವಾಳ" ಎಂದರು. ಬಂಡವಾಳ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಬಂಡವಾಳ ಹೂಡುವವನು ಲಾಭ ನಷ್ಟ ನೋಡಿ ಬರುತ್ತಾನೆ, ಇಲ್ಲವೇ ಬರುವುದಿಲ್ಲ. ಊರ ಬಾಗಿಲಿನ ಫಲಕ ನೋಡಿ ಬರುವುದಿಲ್ಲ. ಅವನನ್ನು ಕರೆಯಲು ಬೇರೆ ದಾರಿಗಳಿವೆ, ಬೇರೆ ಇಲಾಖೆಗಳಿವೆ. ಇನ್ನೊಂದು ದೇಶದ ಊರಿನಲ್ಲಿ ನಮ್ಮ ನರ್ಸು, ನಮ್ಮ ಅಗ್ನಿಶಾಮಕ ಸಿಬ್ಬಂದಿ, ನಮ್ಮ ನೀರು ಸರಬರಾಜು ಎಂಜಿನಿಯರ್, ನಮ್ಮ ಹದಿಮೂರು ವರ್ಷದ ಹುಡುಗಿ ಹೆಸರು ಹಿಡಿದು ಮಾತನಾಡಿಸಬಹುದಾದ ಒಬ್ಬರು ಇರುವಂತೆ ಮಾಡುವುದು ಈ ಒಂದೇ ವ್ಯವಸ್ಥೆಯಿಂದ ಸಾಧ್ಯ. ಅದನ್ನು ಅಲಂಕಾರ ಎಂದು ಬದಿಗಿಟ್ಟರೆ ಉಳಿಯುವುದು ಕಾಗದ.

ಸಹಿಗಿಂತ ಮೊದಲೇ ನಂಟು ಹೇಗೆ ಬೆಳೆಯುತ್ತದೆ ಎನ್ನುವುದಕ್ಕೆ ನನ್ನ ಮನಸ್ಸಿನಲ್ಲಿ ಸದಾ ಉಳಿದಿರುವ ಒಂದು ಸಂಗತಿ ಹೇಳುತ್ತೇನೆ. 2011ರ ಮಾರ್ಚ್ 11ರ ಸುನಾಮಿಯಲ್ಲಿ ಜಪಾನಿನ ರಿಕುಜೆನ್‌ತಕಾತ ಪಟ್ಟಣ ಬಹುಪಾಲು ಕೊಚ್ಚಿಹೋಯಿತು. ಅಲ್ಲಿನ ಹೈಸ್ಕೂಲಿನ ಒಂದು ಚಿಕ್ಕ ದೋಣಿಯೂ ಹೋಯಿತು. ಎರಡು ವರ್ಷ ಅದು ಶಾಂತಸಾಗರದಲ್ಲಿ ತೇಲಿ 2013ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಕ್ರೆಸೆಂಟ್ ಸಿಟಿ ಎಂಬ ಪುಟ್ಟ ಊರಿನ ಕಡಲತೀರಕ್ಕೆ ಬಂದು ಬಿತ್ತು. ಮೈತುಂಬ ಚಿಪ್ಪುಜೀವಿಗಳು ಅಂಟಿದ್ದವು. ಅಲ್ಲಿನ ಹೈಸ್ಕೂಲಿನ ಮಕ್ಕಳು ಅವನ್ನು ಕೆರೆದು ತೆಗೆದು ದೋಣಿಯನ್ನು ಸ್ವಚ್ಛಮಾಡಿದರು. ಅದರ ಹೆಸರು ಕಮೊಮೆ, ಎಂದರೆ ಕಡಲಹಕ್ಕಿ. ಅದೇ ವರ್ಷ ದೋಣಿ ಸಮುದ್ರ ದಾಟಿ ತನ್ನ ಶಾಲೆಗೆ ವಾಪಸಾಯಿತು. ಮಕ್ಕಳು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಹೋಗಿಬಂದರು. ಎರಡೂ ಊರುಗಳು ಸೋದರಿ ನಗರಗಳೆಂದು ಸಹಿ ಹಾಕಿದ್ದು 2018ರಲ್ಲಿ, ಐದು ವರ್ಷ ಕಳೆದ ಮೇಲೆ. ನಮ್ಮಲ್ಲಿ ಸಹಿ ಮೊದಲೇ ಆಗಿತ್ತು, ಮಕ್ಕಳೂ ಬರೆದಿದ್ದರು, ಆಚೆಯಿಂದ ಉತ್ತರವೂ ಬಂದಿತ್ತು. ದೋಣಿ ನಮ್ಮ ದಡಕ್ಕೂ ಬಂದಿತ್ತು, ಕೆಳಗಿನ ಕಪಾಟಿನಲ್ಲಿ ಇಟ್ಟುಬಿಟ್ಟೆವು.

ನಗರಗಳ ಆಯ್ಕೆಯ ಬಗ್ಗೆ ನನ್ನ ಎರಡನೆಯ ಆಕ್ಷೇಪ. ಕರಡಿನಲ್ಲಿರುವ ಮೂರೂ ನಗರಗಳು ಜಗತ್ತಿಗೆಲ್ಲ ಹೆಸರಾದವು. ಅಂಥ ನಗರಗಳಿಗೆ ಈಗಾಗಲೇ ಹತ್ತಾರು ಸೋದರಿಯರಿರುತ್ತಾರೆ. ಲಾಸ್ ಏಂಜಲೀಸ್‌ಗೆ 25 ಇವೆ. ಆ ಸಾಲಿನಲ್ಲಿ ನಾವು ಕೊನೆಯವರಾಗಿ ನಿಂತರೆ ಅಲ್ಲಿ ನಮ್ಮ ಫೋನ್ ಎತ್ತುವವರು ಯಾರು? ಹೆಸರು ನೋಡಿ ಆರಿಸುವ ಬದಲು ಸಮಾನ ವಿಷಯ ನೋಡಿ ಆರಿಸಿ. ಇಂಗ್ಲೆಂಡಿನ ಹಲ್, ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸ್ ಹುಟ್ಟಿದ ಊರು. ಸಿಯೆರಾ ಲಿಯೋನ್‌ನ ಫ್ರೀಟೌನ್, ಬಿಡುಗಡೆಯಾದ ಗುಲಾಮರು 1792ರಲ್ಲಿ ಕಟ್ಟಿದ ಊರು. ಅವೆರಡೂ ಜೊತೆಯಾದವು. ಗಾತ್ರ, ಸಂಪತ್ತು, ಹವೆ ಯಾವುದೂ ಹೊಂದುವುದಿಲ್ಲ. ಆದರೆ ಯಾಕೆ ನೀವಿಬ್ಬರು ಎಂದು ಯಾರು ಕೇಳಿದರೂ ಒಂದೇ ಉಸಿರಿನಲ್ಲಿ ಉತ್ತರ ಹೇಳಬಹುದು. ನಮ್ಮ ಕರಡಿನ ಮೂರು ಹೆಸರುಗಳ ಮುಂದೆ "ಯಾಕೆ?" ಎಂದು ಬರೆದು ನೋಡಿ. ನೇರ ವಿಮಾನ ಇದೆ ಎನ್ನುವುದನ್ನು ಬಿಟ್ಟರೆ ನನಗೆ ಉತ್ತರ ಸಿಗಲಿಲ್ಲ.

ನದಿ ತುಂಬಿ ಬಂದಾಗ ಏನು ಮಾಡಬೇಕೆಂದು ತಿಳಿದ ಊರು, ಹಳೆಯ ಕಾರ್ಖಾನೆ ಮುಚ್ಚಿದ ಮೇಲೆ ಮತ್ತೆ ಬದುಕು ಕಟ್ಟಿಕೊಂಡ ಊರು, ಕಸ ವಿಂಗಡಣೆಯನ್ನು ಮಕ್ಕಳಿಗೂ ರೂಢಿಮಾಡಿದ ಊರು, ಅದು ಎಷ್ಟೇ ಚಿಕ್ಕದಾಗಿರಲಿ, ನಮಗೆ ಬೇಕಾದ ಸೋದರಿ ಅದು. ನಾವು ಅವರಿಂದ ಕಲಿಯುವುದಷ್ಟೇ ಅಲ್ಲ, ನಮ್ಮಿಂದ ಅವರು ಏನು ಕಲಿಯಬಹುದು ಎನ್ನುವುದನ್ನೂ ಮೊದಲೇ ಬರೆದಿಡಬೇಕು. ಒಂದೇ ಕೈ ಕೊಡುತ್ತಿದ್ದರೆ ಆ ನಂಟು ಬಹಳ ದಿನ ಬಾಳುವುದಿಲ್ಲ.

ಮೂರನೆಯದು ಒಪ್ಪಂದದ ಒಕ್ಕಣೆ. ದಯವಿಟ್ಟು ಪ್ರತಿ ಸಾಲನ್ನೂ ಓದಿ. ಚೆಕ್ ಗಣರಾಜ್ಯದ ರಾಜಧಾನಿ ಪ್ರಾಗ್ 2016ರಲ್ಲಿ ಬೀಜಿಂಗ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ತೈವಾನ್ ಚೀನಾದ ಭಾಗ ಎಂಬ ನಿಲುವನ್ನು ಒಪ್ಪುವ ಒಂದು ವಾಕ್ಯ ಸೇರಿತ್ತು. ಎರಡು ವರ್ಷದ ಬಳಿಕ ಬಂದ ಹೊಸ ಆಡಳಿತ, ವಿದೇಶಾಂಗ ನೀತಿ ನಗರಗಳ ಒಪ್ಪಂದದಲ್ಲಿ ಇರಬಾರದು ಎಂದು ಆ ವಾಕ್ಯ ತೆಗೆಯಲು ಕೇಳಿತು. ಬೀಜಿಂಗ್ ಒಪ್ಪಲಿಲ್ಲ. ಪ್ರಾಗ್‌ನ ಹೆಸರು ಹೊತ್ತ ಸಂಗೀತ ತಂಡಗಳ ಚೀನಾ ಪ್ರವಾಸಗಳು ರದ್ದಾದವು. 2019ರ ಅಕ್ಟೋಬರ್‌ನಲ್ಲಿ ಒಪ್ಪಂದವೇ ಮುರಿದುಬಿತ್ತು. ವಾಕ್ಯ ಒಂದೇ. ಪೆಟ್ಟು ತಿಂದವರು ಪಿಟೀಲು ಬಾರಿಸುವವರು. ಒಸಾಕ ಮತ್ತು ಸ್ಯಾನ್ ಫ್ರಾನ್ಸಿಸ್ಕೊ 1957ರಿಂದ ಸೋದರಿಯರಾಗಿದ್ದವು. ಯುದ್ಧಕಾಲದಲ್ಲಿ ಜಪಾನಿ ಸೇನೆ ಲೈಂಗಿಕ ಗುಲಾಮಗಿರಿಗೆ ತಳ್ಳಿದ ಹೆಣ್ಣುಮಕ್ಕಳ ಸ್ಮಾರಕವನ್ನು ಸ್ಯಾನ್ ಫ್ರಾನ್ಸಿಸ್ಕೊ ತನ್ನದಾಗಿ ಸ್ವೀಕರಿಸಿತೆಂದು ಒಸಾಕದ ಮೇಯರ್ 2018ರಲ್ಲಿ ಸಂಬಂಧ ಕಡಿದುಕೊಂಡರು. ಅರವತ್ತು ವರ್ಷದ ನಂಟನ್ನು ಒಬ್ಬ ಮೇಯರ್ ಒಂದು ಪತ್ರದಲ್ಲಿ ಮುಗಿಸಬಹುದಾದರೆ, ಆ ನಂಟು ಮೇಯರ್ ಕಚೇರಿಯ ಕೈಯಲ್ಲಿ ಮಾತ್ರ ಇರಬಾರದು. ಫ್ರಾನ್ಸ್‌ನ ಎಷ್ಟೋ ಊರುಗಳಲ್ಲಿ ಈ ಕೆಲಸ ನಡೆಸುವುದು ಪುರಸಭೆಯಲ್ಲ, ಊರಿನವರೇ ಸೇರಿ ಕಟ್ಟಿಕೊಂಡ ಸಮಿತಿ. ಚುನಾವಣೆಯಲ್ಲಿ ಪುರಸಭೆ ಬದಲಾದರೂ ಸಮಿತಿ ಇರುತ್ತದೆ. ಅತಿಥಿಗಳು ಬಂದರೆ ಆ ಸಮಿತಿಯವರ ಮನೆಗಳಲ್ಲಿ ಉಳಿಯುತ್ತಾರೆ, ಹೋಟೆಲಿನಲ್ಲಲ್ಲ. ಇದು ಖರ್ಚು ಉಳಿಸುವ ಉಪಾಯ ಮಾತ್ರವಲ್ಲ. ಒಂದು ವಾರ ಒಂದೇ ಮನೆಯಲ್ಲಿ ಬೆಳಗ್ಗೆ ಎದ್ದು ಮುಖ ನೋಡಿದವರು ಒಬ್ಬರನ್ನೊಬ್ಬರು ಮರೆಯುವುದಿಲ್ಲ.

ಹಾಗಾಗಿ ನನ್ನ ಬೇಡಿಕೆಗಳು ಇವು.

ಮುಂದಿನ ತಿಂಗಳಿಗೆ ಗೊತ್ತಾಗಿರುವ ಮೂರು ಸಹಿ ಸಮಾರಂಭಗಳನ್ನು ಸದ್ಯಕ್ಕೆ ಮುಂದೂಡಿ. ಮೂರು ಬೇಡ, ಒಂದು ನಗರ ಸಾಕು. ಜರ್ಮನಿಯಲ್ಲಿ ಊರುಗಳ ನಂಟನ್ನು ಸಂಪರ್ಕ, ಸ್ನೇಹ, ಪೂರ್ಣ ಸಹಭಾಗಿತ್ವ ಎಂದು ಮೂರು ಬಗೆಯಾಗಿ ಗುರುತಿಸುತ್ತಾರೆ. ನಾವೂ ಮೊದಲ ಎರಡು ವರ್ಷ ಸ್ನೇಹ ನಗರ ಎಂದಷ್ಟೇ ಇಟ್ಟುಕೊಳ್ಳೋಣ. ಎರಡು ಶಾಲೆ, ಒಂದು ಆಸ್ಪತ್ರೆ, ಒಂದು ಗ್ರಂಥಾಲಯ ನಿಜವಾಗಿ ಒಡನಾಡಿದ ಮೇಲೆ ಪೂರ್ಣ ಒಪ್ಪಂದದ ಮಾತು.

ಈ ಕೆಲಸಕ್ಕೆ ಒಂದು ಮೇಜು, ಒಬ್ಬ ಸಿಬ್ಬಂದಿ ಬೇಕು. ಅವರ ಹೆಸರು, ಫೋನ್ ನಂಬರು ಪಾಲಿಕೆಯ ಬಾಗಿಲಲ್ಲಿ ಇರಲಿ. ಅವರಿಗೆ ವರ್ಗವಾದರೆ ಹೊಸಬರಿಗೆ ಫೈಲು ಕೊಟ್ಟು, ಆಚೆ ನಗರದವರನ್ನು ಫೋನಿನಲ್ಲಿ ಪರಿಚಯಿಸಿದ ಮೇಲೆಯೇ ಹೋಗಬೇಕು ಎಂಬ ನಿಯಮವಿರಲಿ. ಬಂದ ಯಾವುದೇ ಪತ್ರಕ್ಕೆ ಹದಿನೈದು ದಿನದೊಳಗೆ ಉತ್ತರ ಹೋಗಬೇಕು, "ನಿಮ್ಮ ಪತ್ರ ಬಂತು, ತಲುಪಿಸಿದ್ದೇವೆ" ಎಂಬ ಎರಡು ಸಾಲಾದರೂ ಸರಿ. ನನಗೆ ಬೇರೆಲ್ಲ ಬೇಡಿಕೆ ಬಿಟ್ಟು ಒಂದನ್ನೇ ಉಳಿಸಿಕೊಳ್ಳಿ ಎಂದರೆ ಇದನ್ನೇ ಉಳಿಸಿಕೊಳ್ಳುತ್ತೇನೆ.

ಪಾಲಿಕೆಯ ಅವಧಿಗೆ ಅಂಟಿಕೊಳ್ಳದ ನಾಗರಿಕ ಸಮಿತಿ ರಚಿಸಿ. ಶಿಕ್ಷಕರು, ನರ್ಸುಗಳು, ವ್ಯಾಪಾರಿಗಳು, ಕಲಾವಿದರು ಇರಲಿ, ಇಪ್ಪತ್ತೈದರೊಳಗಿನವರು ಕನಿಷ್ಠ ಮೂವರಾದರೂ ಇರಲಿ. ಒಪ್ಪಂದದಲ್ಲಿ ಗಡಿ, ಯುದ್ಧ, ವಿದೇಶಾಂಗ ನೀತಿಯ ಮಾತು ಬರಬಾರದು. ಐದು ವರ್ಷಕ್ಕೊಮ್ಮೆ ಪರಿಶೀಲಿಸುವ, ನವೀಕರಿಸದಿದ್ದರೆ ತಾನಾಗಿ ಕೊನೆಗೊಳ್ಳುವ ಷರತ್ತು ಇರಲಿ. ನಿಯೋಗ ಹೋದಾಗ ಯಾರು ಹೋದರು, ಏನು ಮಾಡಿ ಬಂದರು ಎಂಬುದನ್ನು ಒಂದು ತಿಂಗಳೊಳಗೆ ಎಲ್ಲರೂ ಓದುವಂತೆ ಪ್ರಕಟಿಸಿ. ನಿಯೋಗದ ಅರ್ಧ ಸ್ಥಾನ ಚುನಾಯಿತರಲ್ಲದವರಿಗೆ ಇರಲಿ.

ಚಿಕ್ಕ ವಿಷಯವೊಂದು, ಆದರೆ ಶಾಲೆಯಲ್ಲಿ ಕೆಲಸ ಮಾಡಿದವಳಾಗಿ ಹೇಳಲೇಬೇಕು. ಎರಡು ನಗರಗಳ ಶಾಲಾ ವರ್ಷ, ರಜೆ, ಪರೀಕ್ಷೆ, ಗಡಿಯಾರದ ವ್ಯತ್ಯಾಸ ಇವನ್ನು ಪಕ್ಕಪಕ್ಕ ಇಟ್ಟು ಒಂದು ಕ್ಯಾಲೆಂಡರ್ ಮಾಡಿ. ಇಲ್ಲಿ ಪರೀಕ್ಷೆ ಇದ್ದಾಗ ಅಲ್ಲಿಂದ ಪತ್ರ ಬಂದರೆ, ಅಲ್ಲಿ ರಜೆ ಇದ್ದಾಗ ಇಲ್ಲಿಂದ ವಿಡಿಯೊ ಕರೆ ಹೋದರೆ, ಎರಡೇ ಸಲಕ್ಕೆ ಮಕ್ಕಳ ಉತ್ಸಾಹ ಬತ್ತುತ್ತದೆ.

ಕೊನೆಯ ಬೇಡಿಕೆ ಆ ಪೆಟ್ಟಿಗೆಯದು. ಹಳೆಯ ಸೋದರಿ ನಗರಕ್ಕೆ ಮೇಯರ್ ಅವರೇ ಸಹಿ ಮಾಡಿದ ಒಂದು ಪತ್ರ ಹೋಗಬೇಕು. ನಿಮ್ಮ ಮಕ್ಕಳು ಹನ್ನೆರಡು ವರ್ಷದ ಹಿಂದೆ ಬರೆದದ್ದು ನಮ್ಮಲ್ಲೇ ಉಳಿದುಹೋಯಿತು, ತಪ್ಪು ನಮ್ಮದು, ಕ್ಷಮಿಸಿ ಎಂದು ನೇರವಾಗಿ ಬರೆಯಬೇಕು. ಈ ಪತ್ರ ಹೋಗುವ ಮೊದಲು ಹೊಸ ನಗರವೊಂದಕ್ಕೆ ನಾವು ಸೋದರಿ ಎಂದು ಹೇಳಿಕೊಳ್ಳುವುದು ಸರಿಯಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ 19 ಮಂದಿಯನ್ನು ಈ ಮೂರು ವಾರದಲ್ಲಿ ಹುಡುಕಿದ್ದೇನೆ. ಇಬ್ಬರು ಪಾಲಿಕೆಯಲ್ಲೇ ಕೆಲಸ ಮಾಡುತ್ತಿದ್ದಾರೆ. ಕಿಟಕಿಯ ಪ್ರಶ್ನೆ ಬಂದಿದ್ದ ವಿದ್ಯಾರ್ಥಿನಿಯೂ ಸಿಕ್ಕಿದ್ದಾಳೆ, ಫೋನಿನಲ್ಲಿ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪತ್ರ ಈಗ ಕೊಡ್ತಾರಾ ಮಿಸ್?" ಎಂದು ಕೇಳಿದಳು. ದಾಖಲೆಯನ್ನು ಹೊರಗೆ ಕೊಡಲು ಆಯುಕ್ತರ ಅನುಮತಿ ಬೇಕು ಎಂದು ಗುಮಾಸ್ತರು ತಿಳಿಸಿದ್ದಾರೆ. ಅರ್ಜಿ ಕೊಟ್ಟಿದ್ದೇನೆ, ಸ್ವೀಕೃತಿಯನ್ನೂ ಪಡೆದಿದ್ದೇನೆ. ಅನುಮತಿ ಸಿಕ್ಕಿದ ದಿನ ನಾವು ಇಪ್ಪತ್ತು ಜನ ದಾಖಲೆ ಕೊಠಡಿಗೆ ಬರುತ್ತೇವೆ.

ನಿಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ